ಪಾಳಿ ಊಟದ ಊರು ಮುಂಬೈ

ಹೋಳಿ ಮುಗಿದು ಬಿಸಿಲು ಬಲಿತರೆ ಮುಂಬೈಯ ಲಾಲ್‌ಬಾಗ್‌ನಲ್ಲೊಂದು ಗಲ್ಲಿ ಕೆಂಪೇರುತ್ತದೆ. ಇದು ನಮ್ಮ ಬೆಂಗಳೂರಿನ ಸಸ್ಯತೋಟವಲ್ಲ; ಪರೇಲ್‌ಗೆ ಅಂಟಿಕೊಂಡಿರುವ, ಗಣೇಶೋತ್ಸವಕ್ಕೆ ಹೆಸರಾದ ಲಾಲ್‌ಬಾಗ್. ಅಂಗಡಿಗಳ ಮುಂದೆ ಬಾಯಿ ಬಿಚ್ಚಿದ ಗೋಣಿಚೀಲಗಳು. ಒಂದರಲ್ಲಿ ನೆರಿಗೆ ನೆರಿಗೆಯಾದ ಬ್ಯಾಡಗಿ ಮೆಣಸಿನಕಾಯಿ, ಪಕ್ಕದಲ್ಲಿ ಸಂಕೇಶ್ವರಿ, ಅದರಾಚೆ ಖಾರಕ್ಕೆ ಲವಂಗಿ, ಬಣ್ಣಕ್ಕೆ ಕಾಶ್ಮೀರಿ. ಹೆಂಗಸರು ಕೈಯಲ್ಲಿ ಚೀಟಿ ಹಿಡಿದು ಮೆಣಸಿನಕಾಯಿ, ಧನಿಯಾ, ಜೀರಿಗೆ, ಕಲ್ಲುಹೂವು ಎಂದು ಒಂದೊಂದನ್ನೇ ತೂಗಿಸುತ್ತಾರೆ, ಹುರಿಸುತ್ತಾರೆ, ಆಮೇಲೆ ಮಸಾಲೆ ಕುಟ್ಟುವ ಯಂತ್ರದ ಮುಂದೆ ಸರದಿ ಹಿಡಿಯುತ್ತಾರೆ. ಕಬ್ಬಿಣದ ಒನಕೆಗಳು ಧಡ್ ಧಡ್ ಎಂದು ಕುಟ್ಟತೊಡಗಿದರೆ ಗಲ್ಲಿಗೆ ಗಲ್ಲಿಯೇ ಸೀನುತ್ತದೆ. ಮಳೆಗಾಲ ಬರುವುದರೊಳಗೆ ವರ್ಷಕ್ಕಾಗುವಷ್ಟು ಮಸಾಲೆ ಡಬ್ಬ ಸೇರಬೇಕು.

ಆ ಚೀಟಿಗಳಲ್ಲಿ ಒಂದರಂತೆ ಇನ್ನೊಂದಿರುವುದಿಲ್ಲ. ಮಾಲ್ವಣ ಕಡೆಯವರ ಪ್ರಮಾಣ ಒಂದು ಬಗೆ, ಸಾತಾರಾ ಕಡೆಯವರ ಈರುಳ್ಳಿ-ಬೆಳ್ಳುಳ್ಳಿ ಮಸಾಲೆಯದು ಇನ್ನೊಂದು ಬಗೆ, ಸಮುದ್ರದಂಡೆಯ ಕೋಲಿ ಮೀನುಗಾರರದು ಮತ್ತೊಂದು. ಮೆಣಸಿನಕಾಯಿಯ ಹೆಸರುಗಳಲ್ಲಿ ಎರಡು ನಮ್ಮ ಹಾವೇರಿ ಮತ್ತು ಬೆಳಗಾವಿ ಜಿಲ್ಲೆಯ ಊರುಗಳವು. ಕೊಳ್ಳುವವರಲ್ಲಿ ಬಹಳಷ್ಟು ಮಂದಿಯ ಅಜ್ಜ, ಮುತ್ತಜ್ಜಂದಿರು ಕೊಂಕಣದಿಂದಲೋ ಘಟ್ಟದ ಮೇಲಿನಿಂದಲೋ ಬಂದವರು. ಅವರನ್ನು ಇಲ್ಲಿಗೆ ಎಳೆದು ತಂದದ್ದು ಹತ್ತಿ ಗಿರಣಿ.

ವಡಾಪಾವ್, ಇರಾನಿ ಚಹಾ, ಉಡುಪಿ ಹೋಟೆಲು, ಡಬ್ಬಾವಾಲಾ. ಮುಂಬೈ ನೋಡದವರಿಗೂ ಇವು ಗೊತ್ತು. ಇವೆಲ್ಲ ಒಂದೇ ಊರಿನಲ್ಲಿ, ಹೆಚ್ಚುಕಡಿಮೆ ಒಂದೇ ಶತಮಾನದೊಳಗೆ ಹುಟ್ಟಿದ್ದು ಯಾಕೆ ಎಂಬುದು ಮಾತ್ರ ಅಷ್ಟಾಗಿ ಗೊತ್ತಿಲ್ಲ. ಲಖನೌ, ಹೈದರಾಬಾದ್‌ಗಳ ಅಡುಗೆಯನ್ನು ನವಾಬರ, ನಿಜಾಮರ ಬಾಣಸಿಗರು ಬೆಳೆಸಿದರು. ಮುಂಬೈಯ ಊಟವನ್ನು ರೂಪಿಸಿದ್ದು ಗಿರಣಿಯ ಪಾಳಿ, ಒಲೆಯಿಲ್ಲದ ಕೋಣೆ ಮತ್ತು ತಿಂಗಳ ಕೊನೆಯ ಖಾಲಿ ಜೇಬು.

ಹತ್ತಿ ಕರೆದ ಜನ

1854ರಲ್ಲಿ ಕಾವಸ್‌ಜೀ ನಾನಾಭಾಯಿ ದಾವರ್ ಎಂಬ ಪಾರ್ಸಿ ವರ್ತಕರು ಬಾಂಬೆ ಸ್ಪಿನ್ನಿಂಗ್ ಅಂಡ್ ವೀವಿಂಗ್ ಕಂಪನಿ ಸ್ಥಾಪಿಸಿದರು. ತಾಡ್‌ದೇವ್‌ನಲ್ಲಿದ್ದ ಆ ಗಿರಣಿ 1856ರಲ್ಲಿ ನೂಲು ತೆಗೆಯಿತು. ಮುಂಬೈಯ ಮೊದಲ ಹತ್ತಿ ಗಿರಣಿ ಅದು. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಾಗ ಮುಂಬೈಯ ಹತ್ತಿಗೆ ಚಿನ್ನದ ಬೆಲೆ ಬಂತು. ಯುದ್ಧ ಮುಗಿದೊಡನೆ ಮಾರುಕಟ್ಟೆ ಕುಸಿಯಿತಾದರೂ ಆ ಶತಮಾನ ಮುಗಿಯುವ ಹೊತ್ತಿಗೆ ದ್ವೀಪದ ನಡುಭಾಗದಲ್ಲಿ ಹೊಗೆ ಕೊಳವೆಗಳ ಕಾಡೇ ಎದ್ದಿತ್ತು. ಭಾಯಖಳಾ, ಚಿಂಚ್‌ಪೋಕ್ಲಿ, ಲಾಲ್‌ಬಾಗ್, ಪರೇಲ್, ಶಿವಡಿ, ವರ್ಲಿಗಳೆಲ್ಲ ಸೇರಿದ ಈ ಭಾಗಕ್ಕೆ ಜನರೇ ಇಟ್ಟ ಹೆಸರು ಗಿರಣ್‌ಗಾಂವ್.

ಕೆಲಸಕ್ಕೆ ಬಂದವರಲ್ಲಿ ದೊಡ್ಡ ಪಾಲು ರತ್ನಾಗಿರಿ ಜಿಲ್ಲೆಯದು. ಇಂದಿನ ಸಿಂಧುದುರ್ಗವೂ ಆಗ ಅದರಲ್ಲೇ ಸೇರಿತ್ತು. ಗುಡ್ಡದ ಸಣ್ಣ ಗದ್ದೆಯಲ್ಲಿ ವರ್ಷದ ಅನ್ನ ಹುಟ್ಟದ ಕುಟುಂಬಗಳ ಗಂಡಸರು ಹಡಗು ಹತ್ತಿ ಮುಂಬೈ ಸೇರುತ್ತಿದ್ದರು. ಸಾತಾರಾ, ಸಾಂಗ್ಲಿ, ಕೊಲ್ಹಾಪುರ ಕಡೆಯಿಂದ ರೊಟ್ಟಿ ಉಣ್ಣುವ ಜನ ಬಂದರು. ತೆಲಂಗಾಣದಿಂದ ಪದ್ಮಶಾಲಿ ನೇಕಾರರು ಬಂದರು. ಉತ್ತರ ಪ್ರದೇಶದ ಮುಸ್ಲಿಂ ನೇಕಾರರು ಮದನ್‌ಪುರಾದಲ್ಲಿ ನೆಲೆ ನಿಂತರು. ಗಿರಣಿ ಬಟ್ಟೆಯಿಂದ ಕೈಮಗ್ಗ ಸೋತವರು ಗಿರಣಿಯಲ್ಲೇ ಮಗ್ಗ ನಡೆಸಲು ಬಂದದ್ದು ಕಾಲದ ವ್ಯಂಗ್ಯ.

ಹೆಚ್ಚಿನವರು ಹೆಂಡತಿ ಮಕ್ಕಳನ್ನು ಊರಲ್ಲೇ ಬಿಟ್ಟು ಬಂದಿದ್ದರು. ಗದ್ದೆ ನೋಡಿಕೊಳ್ಳಲು ಮನೆಯಲ್ಲಿ ಯಾರಾದರೂ ಇರಬೇಕಿತ್ತು. ಮುಂಬೈಯಲ್ಲಿ ಸಂಸಾರ ಹೂಡುವಷ್ಟು ಸಂಬಳವೂ ಇರಲಿಲ್ಲ. ತಿಂಗಳಿಗೊಮ್ಮೆ ಮನಿಯಾರ್ಡರ್, ಗಣಪತಿ ಹಬ್ಬಕ್ಕೋ ಹೋಳಿಗೋ ಊರಿನ ದಾರಿ. ಹೀಗೆ ಒಂಟಿ ಗಂಡಸರ ಒಂದು ಮಹಾನಗರ ಎದ್ದುನಿಂತಿತು. ಅವರಿಗೆ ಅನ್ನ ಬೇಯಿಸುವವರು ಯಾರು?

ಖೋಲಿ ಇದೆ, ಒಲೆ ಇಲ್ಲ

ಗಿರಣಿ ಕಾರ್ಮಿಕರು ಇರುತ್ತಿದ್ದುದು ಚಾಳುಗಳಲ್ಲಿ. ಉದ್ದನೆಯ ಕಟ್ಟಡ, ಸಾಲಾಗಿ ಹತ್ತಡಿ ಅಗಲದ ಖೋಲಿಗಳು, ಮುಂದೆ ಮೊಗಸಾಲೆ, ಕೊನೆಯಲ್ಲಿ ಎಲ್ಲರಿಗೂ ಸೇರಿದ ನಲ್ಲಿ ಮತ್ತು ಶೌಚಾಲಯ. ಒಂದು ಖೋಲಿಯಲ್ಲಿ ಒಂದೇ ಊರಿನ ಹತ್ತಾರು ಮಂದಿ. ಮೊದಲ ಪಾಳಿಯವನು ಎದ್ದುಹೋದ ಚಾಪೆಯ ಮೇಲೆ ರಾತ್ರಿ ಪಾಳಿಯವನು ಬಂದು ಮಲಗುತ್ತಿದ್ದ. ಅಲ್ಲಿ ಒಲೆ ಹೂಡಲು ಜಾಗವೂ ಇಲ್ಲ, ಹೊತ್ತೂ ಇಲ್ಲ.

ಈ ಕೊರತೆಯಿಂದ ಖಾನಾವಳಿ ಹುಟ್ಟಿತು. ನಮ್ಮ ಧಾರವಾಡ, ವಿಜಯಪುರ ಕಡೆಯವರಿಗೆ ಖಾನಾವಳಿ ಎಂದರೆ ಬೋರ್ಡು ಹಾಕಿದ ಊಟದ ಅಂಗಡಿ. ಗಿರಣ್‌ಗಾಂವ್‌ನದು ಹಾಗಲ್ಲ. ಅಲ್ಲಿ ಕಾರ್ಮಿಕನೊಬ್ಬನ ಹೆಂಡತಿಯೋ ವಿಧವೆಯೋ ತನ್ನ ಖೋಲಿಯಲ್ಲೇ ಹತ್ತು, ಇಪ್ಪತ್ತು ಜನರಿಗೆ ಎರಡು ಹೊತ್ತು ಬೇಯಿಸಿ ಹಾಕುತ್ತಿದ್ದಳು. ಉಣ್ಣುವವರು ಅದೇ ಊರಿನವರು, ಅದೇ ಜಾತಿಯವರು, ಇಲ್ಲವೇ ಒಂದೇ ಖಾತೆಯಲ್ಲಿ ದುಡಿಯುವವರು. ಹಣ ತಿಂಗಳಿಗೊಮ್ಮೆ, ಗಿರಣಿಯ ಸಂಬಳದ ದಿನ.

ಊಟ ಸರಳ. ಘಟ್ಟದವರಿಗೆ ಜೋಳದ ಇಲ್ಲವೇ ಸಜ್ಜೆಯ ಭಾಕರಿ, ಜುಣಕ, ಮೆಣಸಿನಕಾಯಿ ಠೇಚಾ. ಕೊಂಕಣಿಗರಿಗೆ ಅನ್ನ, ಕಾಳಿನ ಉಸಳ್, ಒಣಮೀನಿನ ಸಾರು. ಒಣಸೀಗಡಿ, ಒಣ ಬೊಂಬಿಲ್ ಗಿರಣ್‌ಗಾಂವ್‌ನಲ್ಲಿ ಇಷ್ಟು ನಡೆದದ್ದಕ್ಕೆ ಕಾರಣ ರುಚಿಯೊಂದೇ ಅಲ್ಲ. ಅಗ್ಗ, ಕೆಡುವುದಿಲ್ಲ, ಚಿಟಿಕೆ ಹಾಕಿದರೂ ಅನ್ನ ಇಳಿಯುತ್ತದೆ. ಭಾನುವಾರ ಕೋಳಿಯೋ ಹಸಿ ಮೀನೋ. ಇಂದು ಮುಂಬೈಯಲ್ಲಿ ದುಬಾರಿಯಾಗಿ ಸಿಗುವ ಮಾಲ್ವಣಿ ಊಟ, ಅಂದರೆ ಕೋಂಬ್ಡಿ ವಡೆ, ಮೀನಿನ ಸಾರು, ಪುನರ್ಪುಳಿಯ ಸೋಲ್‌ಕಡಿ, ಪೇಟೆಗೆ ಪರಿಚಯವಾದದ್ದು ಇಂಥ ಖೋಲಿಗಳಿಂದಲೇ.

ಅಡುಗೆಗೆ ಹೆಂಗಸರು ಇಷ್ಟು ಸಂಖ್ಯೆಯಲ್ಲಿ ಇಳಿದುದಕ್ಕೂ ಗಿರಣಿಯ ನಂಟಿದೆ. 1920ರ ದಶಕದಲ್ಲಿ ಗಿರಣಿ ಕಾರ್ಮಿಕರಲ್ಲಿ ಸುಮಾರು ಐದರಲ್ಲಿ ಒಬ್ಬರು ಹೆಂಗಸರು. ಹೆಂಗಸರ ರಾತ್ರಿ ಪಾಳಿಗೆ ನಿಷೇಧ ಬಂತು, 1929ರಲ್ಲಿ ಹೆರಿಗೆ ಭತ್ಯೆಯ ಕಾಯಿದೆ ಬಂತು, ಯಂತ್ರಗಳೂ ಬದಲಾದವು. ಮಾಲೀಕರು ಹೆಂಗಸರನ್ನು ತೆಗೆದುಕೊಳ್ಳುವುದನ್ನು ಕಡಿಮೆ ಮಾಡುತ್ತ ಬಂದರು. ಗಿರಣಿಯ ಬಾಗಿಲು ಮುಚ್ಚಿದವರಿಗೆ ಒಲೆಯೇ ದುಡಿಮೆಯಾಯಿತು.

ಈ ದುಡಿಮೆ ಯಾವ ಲೆಕ್ಕಕ್ಕೂ ಸೇರಿರಲಿಲ್ಲ. ತಿಂಗಳ ಮೊದಲೇ ದಿನಸಿ ತರಬೇಕು, ಹಣ ಬರುವುದು ತಿಂಗಳ ಕೊನೆಗೆ, ನಡುವೆ ಬಡ್ಡಿಸಾಲ. ಮುಷ್ಕರವಾದರೆ ಗಿರಾಕಿಗಳಿಗೆ ಸಂಬಳವೇ ಇಲ್ಲ. ಆದರೂ ಖಾನಾವಳಿಯವರು ಬಡಿಸುವುದನ್ನು ನಿಲ್ಲಿಸದೆ ಸಾಲದಲ್ಲಿ ಮುಳುಗುತ್ತಿದ್ದರು. ಕಾರ್ಮಿಕ ಚಳವಳಿಯಲ್ಲಿದ್ದ ಪ್ರೇಮಾ ಪುರವ್ ಇದನ್ನು ಕಂಡು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದರು. ಅಡಮಾನಕ್ಕೆ ಏನೂ ಇಲ್ಲದ ಹೆಂಗಸರಿಗೆ ರಾಷ್ಟ್ರೀಕೃತ ಬ್ಯಾಂಕಿನಿಂದ ಸಾಲ ಕೊಡಿಸಿದರು. ಸ್ವಸಹಾಯ ಗುಂಪು ಎಂಬ ಮಾತು ನಮ್ಮ ಹಳ್ಳಿಗಳಿಗೆ ಬರುವ ಎಷ್ಟೋ ಮೊದಲಿನ ಮಾತಿದು.

ಡಬ್ಬದ ಮೇಲಿನ ಗುರುತು

ಸಂಸಾರ ಇದ್ದವರ ಕಷ್ಟ ಬೇರೆ. ಮನೆ ಉತ್ತರದ ಬಡಾವಣೆಯಲ್ಲಿ, ಕೆಲಸ ದಕ್ಷಿಣದ ಕೋಟೆ ಪ್ರದೇಶದಲ್ಲಿ. ಬೆಳಿಗ್ಗೆ ಏಳಕ್ಕೆ ರೈಲು ಹಿಡಿಯುವವನಿಗೆ ಅಷ್ಟು ಹೊತ್ತಿಗೆ ಬುತ್ತಿ ಕಟ್ಟುವುದು ಹೇಗೆ? 1890ರಲ್ಲಿ ಮಹಾದೇವ ಹಾವಾಜಿ ಬಚ್ಚೆ ಎಂಬವರು ಸುಮಾರು ನೂರು ಜನರನ್ನು ಕಟ್ಟಿಕೊಂಡು ಇದಕ್ಕೆ ದಾರಿ ಕಂಡುಕೊಂಡರು. ಮನೆಯ ಬುತ್ತಿಯನ್ನು ಆಮೇಲೆ ಒಯ್ದು ಕಚೇರಿಗೆ ಮುಟ್ಟಿಸುವ ಈ ಡಬ್ಬಾವಾಲಾಗಳಲ್ಲಿ ಹೆಚ್ಚಿನವರು ಪುಣೆ ಜಿಲ್ಲೆಯ ಮಾವಳ, ಮುಳಶಿ, ಜುನ್ನರ್, ಖೇಡ್ ಕಡೆಯ ಬೇಸಾಯಗಾರ ಕುಟುಂಬಗಳವರು. ಅವರೂ ವಲಸಿಗರೇ.

ಅವರ ಕೆಲಸದ ಜಾಣ್ಮೆ ಗುರುತಿನಲ್ಲಿದೆ. ಡಬ್ಬದ ಮುಚ್ಚಳದ ಮೇಲೆ ಬಣ್ಣದಲ್ಲಿ ಕೆಲವೇ ಅಕ್ಷರ, ಅಂಕೆ. ಎಲ್ಲಿಂದ ಹೊರಟಿತು, ಯಾವ ನಿಲ್ದಾಣದಲ್ಲಿ ಇಳಿಯಬೇಕು, ಅಲ್ಲಿಂದ ಯಾರು ಒಯ್ಯಬೇಕು, ಯಾವ ಕಟ್ಟಡದ ಎಷ್ಟನೇ ಮಹಡಿ ಎಂಬುದೆಲ್ಲ ಅದರಲ್ಲೇ. ಮನೆಯಿಂದ ಒಬ್ಬ ತರುತ್ತಾನೆ, ನಿಲ್ದಾಣದಲ್ಲಿ ದಿಕ್ಕಿಗೆ ತಕ್ಕಂತೆ ವಿಂಗಡಣೆ, ರೈಲಿನಲ್ಲಿ ಇನ್ನೊಬ್ಬ, ಇಳಿದಲ್ಲಿ ಮತ್ತೊಬ್ಬ. ಮಧ್ಯಾಹ್ನದ ಮೇಲೆ ಖಾಲಿ ಡಬ್ಬ ಅದೇ ದಾರಿಯಲ್ಲಿ ವಾಪಸ್. ಓದು ಬಾರದವರಿಗೂ ತಪ್ಪದಂತೆ ಮಾಡಿಕೊಂಡ ಏರ್ಪಾಡು ಇದು. ಕೋವಿಡ್‌ಗೆ ಮುಂಚೆ ಸುಮಾರು 5,000 ಮಂದಿ ದಿನಕ್ಕೆ 2 ಲಕ್ಷದಷ್ಟು ಡಬ್ಬ ಸಾಗಿಸುತ್ತಾರೆ ಎಂಬುದು ವಾಡಿಕೆಯ ಲೆಕ್ಕವಾಗಿತ್ತು.

ಇಷ್ಟೊಂದು ಸಾಹಸ ಯಾಕೆ, ಹೊರಗೆ ಉಣ್ಣಬಾರದೇ ಎಂದು ಕೇಳಬಹುದು. ಮನೆಯೂಟ ಅಗ್ಗ. ಜೊತೆಗೆ ಜಾತಿ, ಮಡಿ, ನಾಲಿಗೆ ಮೂರಕ್ಕೂ ಒಗ್ಗುವಂಥದ್ದು. ಜೈನರಿಗೆ ಗಡ್ಡೆ ಬೇಡ, ಕೊಂಕಣಿಗರಿಗೆ ಮೀನು ಬೇಕು. ಇಷ್ಟು ಬಗೆಯ ಜನ ಒಂದೇ ಕಚೇರಿಯಲ್ಲಿ ಕುಳಿತಾಗ ಎಲ್ಲರಿಗೂ ಒಪ್ಪುವ ಒಂದೇ ಅಡುಗೆಮನೆ ಸಾಧ್ಯವಿರಲಿಲ್ಲ.

ಇರಾನಿಯ ಮೂಲೆ, ಗೋವಾದ ಬ್ರೆಡ್ಡು

ಮನೆಯೂಟವೂ ಖಾನಾವಳಿಯೂ ಇಲ್ಲದ ಹೊತ್ತಿಗೆ ಬೀದಿ ಮೂಲೆಯ ಇರಾನಿ ಇತ್ತು. ಹತ್ತೊಂಬತ್ತನೇ ಶತಮಾನದ ಕೊನೆ, ಇಪ್ಪತ್ತನೆಯದರ ಆರಂಭದಲ್ಲಿ ಇರಾನಿನ ಯಜ್ದ್, ಕೆರ್ಮಾನ್ ಕಡೆಯಿಂದ ಬಡ ಜರತುಷ್ಟ್ರ ಧರ್ಮೀಯರು ಮುಂಬೈಗೆ ಬಂದರು. ಮೂಲೆ ನಿವೇಶನ ಅಪಶಕುನವೆಂದು ಹಿಂದೂ ವ್ಯಾಪಾರಿಗಳು ಬಿಟ್ಟದ್ದನ್ನು ಅವರು ಹಿಡಿದರು ಎಂಬ ಮಾತಿದೆ. ಎರಡು ಬೀದಿಗೂ ಬಾಗಿಲು ತೆರೆಯುವ ಮೂಲೆ ಅಂಗಡಿಗೆ ಗಿರಾಕಿಗಳ ಬರ ಬರಲಿಲ್ಲ.

ಅಮೃತಶಿಲೆಯ ಮೇಜು, ಬಾಗಿದ ಮರದ ಕುರ್ಚಿ, ಗೋಡೆಗೆ ಕನ್ನಡಿ. ಒಂದು ಕಪ್ಪು ಚಹಾ, ಬೆಣ್ಣೆ ಸವರಿದ ಬನ್ ಮಸ್ಕಾ ಅಥವಾ ಗಟ್ಟಿ ಸಿಪ್ಪೆಯ ಬ್ರುನ್ ಪಾವ್. ಗಲ್ಲಾದ ಪಕ್ಕದಲ್ಲೇ ಸೋಪು, ಬೆಂಕಿಪೊಟ್ಟಣ, ಬಿಸ್ಕತ್ತು. ಜಾತಿ ಕೇಳುವ ಪದ್ಧತಿ ಇರಲಿಲ್ಲ. ಚಹಾ ಮುಗಿದ ಮೇಲೆ ಇನ್ನಷ್ಟು ಹೊತ್ತು ಕುಳಿತರೂ ನಡೆಯುತ್ತಿತ್ತು. 1904ರ ಕಯಾನಿ, 1923ರ ಬ್ರಿಟಾನಿಯಾ ಹೆಸರಾಂತವು. ಇರಾನಿನಿಂದ ಬರುವ ಹುಳಿ ಹಣ್ಣು ಉದುರಿಸಿದ ಬ್ರಿಟಾನಿಯಾದ ಬೆರ್ರಿ ಪುಲಾವ್ ಆ ವಲಸೆಯ ನೆನಪನ್ನು ಈಗಲೂ ತಟ್ಟೆಗೆ ತರುತ್ತದೆ. ಒಂದು ಕಾಲಕ್ಕೆ ನೂರುಗಟ್ಟಲೆ ಇದ್ದ ಇರಾನಿ ಹೋಟೆಲುಗಳು ಈಗ ಕೆಲವು ಡಜನ್ನಿಗೆ ಇಳಿದಿವೆ.

ಪಾವ್ ತಂದವರು ಗೋವಾದವರು. ಪೋರ್ಚುಗೀಸರಿಂದ ಬ್ರೆಡ್ಡು ಸುಡುವುದನ್ನು ಕಲಿತ ಗೋವಾದ ಕ್ರೈಸ್ತರು ಹಿಟ್ಟು ಹುಳಿ ಬರಿಸಲು ಶೇಂದಿ ಬಳಸುತ್ತಿದ್ದರು. ಅವರು ಮುಂಬೈಯಲ್ಲಿ ಹಡಗಿನ ನಾವಿಕರಾಗಿ, ಬಾಣಸಿಗರಾಗಿ, ಬೇಕರಿಯವರಾಗಿ ನೆಲೆಸಿದರು. ಮುಂದೆ ಇರಾನಿಗಳೂ ಉತ್ತರ ಭಾರತದ ಮುಸ್ಲಿಮರೂ ಬೇಕರಿ ಹಿಡಿದರು. ಪಾಳಿಯ ಊರಿಗೆ ಪಾವ್ ಹೇಳಿ ಮಾಡಿಸಿದಂತಿತ್ತು. ಲಟ್ಟಿಸುವುದಿಲ್ಲ, ಬೇಯಿಸುವುದಿಲ್ಲ, ಕೈಯಲ್ಲೇ ಹಿಡಿದು ನಡೆಯುತ್ತ ತಿನ್ನಬಹುದು. ಉಸಳ್ ಪಾವ್, ಖೀಮಾ ಪಾವ್, ಆಮ್ಲೆಟ್ ಪಾವ್ ಹೀಗೆ ಎಲ್ಲರ ಪಲ್ಯಕ್ಕೂ ಪಾವ್ ಜೊತೆಯಾಯಿತು. ಮಿಕ್ಕ ತರಕಾರಿಯನ್ನು ದೊಡ್ಡ ತವೆಯ ಮೇಲೆ ಬೆಣ್ಣೆ ಹಾಕಿ ಮಸೆದ ಪಾವ್ ಭಾಜಿಯೂ ಗಿರಣಿಯವರ ಅವಸರದ ಊಟದಿಂದಲೇ ಹುಟ್ಟಿತೆಂದು ಹಲವರು ಹೇಳುತ್ತಾರೆ. ರಾತ್ರಿಯಿಡೀ ತಂತಿಯ ದಾರಿ ಕಾಯುತ್ತಿದ್ದ ಹತ್ತಿ ದಲ್ಲಾಳಿಗಳಿಗಾಗಿ ಹುಟ್ಟಿತು ಎನ್ನುವವರೂ ಇದ್ದಾರೆ. ಎರಡು ಕತೆಯಲ್ಲೂ ಹತ್ತಿ ಇದೆ.

ಉಡುಪಿಯ ಹುಡುಗರು

ಕರಾವಳಿಯಲ್ಲಿ ‘ಬೊಂಬಾಯಿ’ಗೆ ಹೋದವರಿಲ್ಲದ ಮನೆ ಹುಡುಕುವುದು ಕಷ್ಟ. 1923ರ ಆಗಸ್ಟಿನಲ್ಲಿ ದಕ್ಷಿಣ ಕನ್ನಡದ ಹೊಳೆಗಳು ಉಕ್ಕಿ ಮನೆಮಾರು ಕೊಚ್ಚಿಹೋದ ಮೇಲೆ ಊರು ಬಿಡುವವರ ಸಂಖ್ಯೆ ಹೆಚ್ಚಿತು. ದೇವಸ್ಥಾನದ ಅಡುಗೆ, ಮಠದ ಭೋಜನ ಬಲ್ಲ ಬ್ರಾಹ್ಮಣರು ಮದರಾಸಿಗೆ, ಬೆಂಗಳೂರಿಗೆ, ಮುಂಬೈಗೆ ಹೋಗಿ ಹೋಟೆಲಿಟ್ಟರು. ಅವರ ಹಿಂದೆ ಲೋಟ ತೊಳೆಯುವ ಹುಡುಗರಾಗಿ ಎಲ್ಲ ಜಾತಿಯ ಮಕ್ಕಳೂ ಹೊರಟರು.

ಮುಂಬೈಯಲ್ಲಿ ಇವರ ಕೇಂದ್ರ ಮಾಟುಂಗಾ. ಹೊಸದಾಗಿ ಯೋಜಿಸಿ ಕಟ್ಟಿದ ಈ ಬಡಾವಣೆಯಲ್ಲಿ ದಕ್ಷಿಣದ ಗುಮಾಸ್ತರು, ಬೆರಳಚ್ಚುಗಾರರು ಮನೆ ಹಿಡಿದಿದ್ದರು. ಹೋಟೆಲುಗಳಲ್ಲಿ ಚಾಕರಿ ಮಾಡಿಯೇ ಮೇಲೆ ಬಂದ ಎ. ರಾಮ ನಾಯಕ್ 1936ರಲ್ಲಿ ಕೆಫೆ ಮೈಸೂರು, 1942ರಲ್ಲಿ ಮಾಟುಂಗಾ ರೈಲು ನಿಲ್ದಾಣದ ಬಳಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದರು. ಮಹಡಿ ಹತ್ತಿ, ಟಿಕೆಟ್ ಪಡೆದು, ಬಾಳೆಲೆಯ ಮುಂದೆ ಕೂರುವ ಆ ಊಟಕ್ಕೆ ಇಂದಿಗೂ ಸರದಿ ನಿಲ್ಲುತ್ತಾರೆ.

ಉಡುಪಿ ಹೋಟೆಲು ಗೆದ್ದದ್ದರಲ್ಲಿ ಲೆಕ್ಕಾಚಾರವೂ ಇದೆ. ಹಿಟ್ಟು ರಾತ್ರಿಯೇ ತಯಾರು, ಬೆಳಿಗ್ಗೆ ಇಡ್ಲಿಗೆ ಹತ್ತು ನಿಮಿಷ, ದೋಸೆಗೆ ಮೂರು. ಅಕ್ಕಿ, ಉದ್ದಿಗೆ ದೊಡ್ಡ ಬಂಡವಾಳ ಬೇಡ. ಸಸ್ಯಾಹಾರವಾದ್ದರಿಂದ ಗುಜರಾತಿ, ಮಾರವಾಡಿ, ಮರಾಠಿ ಬ್ರಾಹ್ಮಣ ಯಾರಿಗೂ ಒಳಗೆ ಬರಲು ಅಳುಕಿಲ್ಲ. ನಡುಮನೆಯಷ್ಟು ಜಾಗದಲ್ಲಿ ಒಂದೇ ಮೇಜಿಗೆ ಗಂಟೆಗೆ ನಾಲ್ಕು ಸಲ ಗಿರಾಕಿ ಬದಲಾಗುತ್ತಾರೆ. ಕೆಲಸದ ಹುಡುಗರಿಗೆ ಊಟ ಅಲ್ಲೇ, ರಾತ್ರಿ ಮೇಜು ಜೋಡಿಸಿ ನಿದ್ದೆಯೂ ಅಲ್ಲೇ. ಮೊದಲು ಕ್ಲೀನರ್ ಆದವನು ವರ್ಷಗಳು ಉರುಳಿದಂತೆ ಸಪ್ಲೈಯರ್, ಆಮೇಲೆ ಗಲ್ಲಾ, ಆಮೇಲೆ ಪಾಲುದಾರ.

ಆ ಏಣಿಯ ನಡುವಿನ ಮೆಟ್ಟಿಲು ರಾತ್ರಿ ಶಾಲೆ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ, 1927ರ ಬಂಟರ ಸಂಘದಂಥ ಸಂಸ್ಥೆಗಳು ಹೋಟೆಲು ಹುಡುಗರಿಗಾಗಿ ಕನ್ನಡ ರಾತ್ರಿ ಶಾಲೆ ನಡೆಸಿದವು. ಎಂಜಲು ಲೋಟ ತೊಳೆದ ಕೈಯಲ್ಲೇ ಪಾಟಿ ಹಿಡಿದು ಮೆಟ್ರಿಕ್ ಮುಗಿಸಿದವರು ಬ್ಯಾಂಕು ಸೇರಿದರು, ವಕೀಲರಾದರು, ಹೋಟೆಲು ಮಾಲೀಕರಾದರು. ಇನ್ನೊಂದು ಕಡೆ ಈ ಹುಡುಗರ ದುಡಿಮೆಗೆ ಹೊತ್ತುಗೊತ್ತು ಇರಲಿಲ್ಲ ಎಂಬುದೂ ನಿಜ. ಮಂಗಳೂರಿನಲ್ಲೇ ಹೋಟೆಲು ಕಾರ್ಮಿಕರ ಸಂಘಟನೆಗೆ ಇಳಿದಿದ್ದ ಜಾರ್ಜ್ ಫರ್ನಾಂಡಿಸ್ ಮುಂಬೈಗೆ ಬಂದ ಮೇಲೂ ಅವರ ನಡುವೆ ಕೆಲಸ ಮಾಡಿದರು.

1974ರಲ್ಲಿ ದೇವರಾಜ ಅರಸು ಸರಕಾರದ ಭೂಸುಧಾರಣೆ ಜಾರಿಗೆ ಬಂದಾಗ ಕರಾವಳಿಯಲ್ಲಿ ಉಳುವವರಿಗೆ ನೆಲ ಸಿಕ್ಕಿತು. ಗೇಣಿ ಕಳೆದುಕೊಂಡ ಬಂಟ ಕುಟುಂಬಗಳಿಂದ ಮತ್ತಷ್ಟು ಜನ ಮುಂಬೈ ಬಸ್ಸು ಹತ್ತಿದರು. ಇಡ್ಲಿಯ ಜೊತೆಗೆ ಮೀನು ಬಂತು. ಕೋಟೆ ಪ್ರದೇಶದ ಬೀದಿಗಳಲ್ಲಿ ಗಸಿ, ನೀರುದೋಸೆ, ಕೋರಿ ರೊಟ್ಟಿ ಬಡಿಸುವ ‘ಲಂಚ್ ಹೋಮ್’ಗಳು ಎದ್ದವು. ಮುಂಬೈಯ ಸಿರಿವಂತರು ಇಂದು ಏಡಿ ತಿನ್ನಲು ಹುಡುಕಿಕೊಂಡು ಹೋಗುವ ಹೋಟೆಲುಗಳಲ್ಲಿ ಹಲವು ತುಳುವರವು.

ಗಿರಾಕಿಗೆ ತಕ್ಕಂತೆ ಅಡುಗೆಯೂ ಬದಲಾಯಿತು. ಗುಜರಾತಿಗಳ ನಾಲಿಗೆಗೆ ಸಾಂಬಾರು ಸಿಹಿಯಾಯಿತು. ಮುಂಬೈಯ ‘ಮೈಸೂರು ಮಸಾಲೆ’ಯಲ್ಲಿ ಬೆಣ್ಣೆ, ಟೊಮೆಟೊ, ತರಕಾರಿಯನ್ನು ತವೆಯ ಮೇಲೆಯೇ ಮಸೆಯುತ್ತಾರೆ, ಮೈಸೂರಿನವರು ಕಂಡರೆ ಗುರುತು ಹಿಡಿಯಲಾರರು. 1947ರ ವಿಭಜನೆಯ ನಂತರ ಪಂಜಾಬಿ, ಸಿಂಧಿ ನಿರಾಶ್ರಿತರು ಬಂದು ಸಯಾನ್, ಚೆಂಬೂರು, ಉಲ್ಲಾಸನಗರಗಳಲ್ಲಿ ನೆಲೆಸಿದರು. ಅವರ ಪನೀರು, ಛೋಲೆ ಉಡುಪಿ ಹೋಟೆಲಿನ ಪಟ್ಟಿಗೆ ಸೇರಿದವು. 1970ರ ದಶಕದ ಚೀನೀ ಅಡುಗೆಯ ಹುಚ್ಚಿನ ನಂತರ ಸೆಜ್ವಾನ್ ದೋಸೆಯೂ ಹುಟ್ಟಿತು. ಇಂದಿನ ಉಡುಪಿ ಹೋಟೆಲಿನ ಮೆನು ಓದಿದರೆ ಮುಂಬೈಗೆ ಯಾರು ಯಾರು ಯಾವಾಗ ಬಂದರು ಎಂಬುದು ತಿಳಿಯುತ್ತದೆ.

ಕಲ್ಲು ಮತ್ತು ವಡೆ

ಹೊರಗಿನವರ ಅಡುಗೆಯನ್ನು ತಿಂದ ಊರು ಅವರನ್ನು ಸದಾ ಸಹಿಸಲಿಲ್ಲ. 1966ರ ಜೂನ್ 19ರಂದು ಬಾಳ ಠಾಕ್ರೆ ಶಿವಸೇನೆ ಸ್ಥಾಪಿಸಿದಾಗ ಅದರ ಮೊದಲ ಗುರಿ ದಕ್ಷಿಣ ಭಾರತೀಯರು. ಮರಾಠಿ ಹುಡುಗರ ಕೆಲಸ ಕಸಿದವರು ಎಂಬ ಆರೋಪದ ಜೊತೆಗೆ ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿತ್ತು. ಎಷ್ಟೋ ಕಡೆ ಬೋರ್ಡುಗಳು ಒಡೆದವು.

ಹೆಚ್ಚುಕಡಿಮೆ ಅದೇ ವರ್ಷ ದಾದರ್ ನಿಲ್ದಾಣದ ಹೊರಗೆ ಅಶೋಕ್ ವೈದ್ಯ ಎಂಬವರು ಆಲೂಗಡ್ಡೆ ವಡೆಯನ್ನು ಪಾವ್‌ನ ನಡುವೆ ಇಟ್ಟು ಕೊಡತೊಡಗಿದರು ಎಂಬುದು ಪ್ರಚಲಿತ ಕತೆ. ಸುಧಾಕರ ಮ್ಹಾತ್ರೆ ಎಂಬ ಇನ್ನೊಬ್ಬರ ಹೆಸರೂ ಕೇಳಿಬರುತ್ತದೆ. ಒಣ ಬೆಳ್ಳುಳ್ಳಿ ಚಟ್ನಿ, ಕರಿದ ಹಸಿಮೆಣಸು, ಒಂದು ಕೈಗೆ ಹೊಟ್ಟೆ ತುಂಬುವಷ್ಟು ಊಟ. ಪರೇಲ್, ವರ್ಲಿಯ ಗಿರಣಿಗೆ ಹೋಗುವವರಿಗೆ ರೈಲಿಳಿದು ಗಿರಣಿಯ ಸೈರನ್ ‘ಭೋಂಗಾ’ ಕೂಗುವುದರೊಳಗೆ ತಿಂದು ಮುಗಿಸಲು ಇದಕ್ಕಿಂತ ಬೇರೆ ಬೇಕಿರಲಿಲ್ಲ. ಉಡುಪಿ ಇಡ್ಲಿಗೆ ಎದುರಾಗಿ ಮರಾಠಿ ತಿಂಡಿ ಎಂದು ಶಿವಸೇನೆ ವಡಾಪಾವ್ ಗಾಡಿಗಳ ಬೆನ್ನಿಗೆ ನಿಂತಿತು.

ಆದರೆ ‘ಮಣ್ಣಿನ ಮಕ್ಕಳ’ ತಿಂಡಿಯ ಪದಾರ್ಥಗಳನ್ನು ನೋಡಿ. ಆಲೂಗಡ್ಡೆ, ಮೆಣಸಿನಕಾಯಿ ಎರಡೂ ಅಮೆರಿಕ ಖಂಡದಿಂದ ಪೋರ್ಚುಗೀಸರ ಕಾಲದಲ್ಲಿ ಬಂದವು. ಪಾವ್ ಗೋವಾದ ದಾರಿಯಲ್ಲಿ ಬಂತು. ವಲಸಿಗರನ್ನು ಬಿಟ್ಟು ವಡಾಪಾವ್ ಮಾಡಲು ಹೊರಟರೆ ಕಡಲೆಹಿಟ್ಟು ಮತ್ತು ಬೆಳ್ಳುಳ್ಳಿಯಷ್ಟೇ ಉಳಿಯುತ್ತದೆ.

1982ರ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತ್ ನೇತೃತ್ವದಲ್ಲಿ ಗಿರಣಿ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಬಂದರು. ಮುಷ್ಕರವನ್ನು ಹಿಂತೆಗೆದುಕೊಂಡೆವೆಂದು ಯಾರೂ ಘೋಷಿಸಲಿಲ್ಲ. ತಿಂಗಳುಗಳು ವರ್ಷವಾಗಿ, ಗಿರಣಿಗಳು ಒಂದೊಂದಾಗಿ ಮುಚ್ಚಿ, ಅದು ತಾನಾಗಿ ಸೋತಿತು. ಹಲವರು ಊರಿಗೆ ಮರಳಿದರು. ಉಳಿದವರಲ್ಲಿ ಅನೇಕರು ನಿಲ್ದಾಣದ ಎದುರು ವಡಾಪಾವ್ ಗಾಡಿ ಇಟ್ಟರು, ಹೆಂಡತಿಯರು ಪೋಳಿ-ಭಾಜಿ ಮಾಡಿ ಮಾರಿದರು. ಇಂದು ಊರಿನ ಹೆಮ್ಮೆಯೆನಿಸಿದ ತಿಂಡಿ ಬೀದಿ ಬೀದಿಗೆ ಹರಡಿದ್ದರ ಹಿಂದೆ ಕೆಲಸ ಕಳೆದುಕೊಂಡ ಮನೆಗಳ ಬೆವರಿದೆ.

ಗಿರಣಿ ಜಾಗದಲ್ಲಿ ಮಾಲ್

1991ರಲ್ಲಿ ಗಿರಣಿ ಜಮೀನಿನ ಬಳಕೆಗೆ ಹೊಸ ನಿಯಮ ಬಂತು, 2001ರಲ್ಲಿ ಅದು ಇನ್ನಷ್ಟು ಸಡಿಲವಾಯಿತು. ಫೀನಿಕ್ಸ್ ಮಿಲ್ಸ್ ಮಾಲ್ ಆಯಿತು, ಕಮಲಾ ಮಿಲ್ಸ್ ಆವರಣದಲ್ಲಿ ಕಚೇರಿ, ರೆಸ್ಟೋರೆಂಟು, ಬಾರುಗಳು ಬಂದವು. ಇಟ್ಟಿಗೆ ಗೋಡೆ, ಕಬ್ಬಿಣದ ತೊಲೆಗಳನ್ನು ಅಲಂಕಾರಕ್ಕೆಂದು ಉಳಿಸಿಕೊಂಡ ಆ ರೆಸ್ಟೋರೆಂಟುಗಳಲ್ಲಿ ಒಂದು ಊಟದ ಬಿಲ್ಲು ಹಳೆಯ ಕಾರ್ಮಿಕನ ಒಂದು ತಿಂಗಳ ಖಾನಾವಳಿ ಲೆಕ್ಕಕ್ಕಿಂತ ಎಷ್ಟೋ ಪಟ್ಟು ದೊಡ್ಡದು.

ಚಾಳುಗಳು ಉರುಳಿ ಗೋಪುರಗಳೆದ್ದಂತೆ ಮನೆಯೊಳಗಿನ ಖಾನಾವಳಿ ಬಹುತೇಕ ಮರೆಯಾಯಿತು. ಸರಕಾರವೂ ಬಡವರ ಊಟಕ್ಕೆ ಕೈ ಹಾಕಿತ್ತು. 1995ರಲ್ಲಿ ಅಧಿಕಾರಕ್ಕೆ ಬಂದ ಶಿವಸೇನೆ-ಬಿಜೆಪಿ ಸರಕಾರ ಒಂದು ರೂಪಾಯಿಗೆ ಜುಣಕ-ಭಾಕರಿ ಕೊಡುವ ಕೇಂದ್ರಗಳನ್ನು ತೆರೆಯಿತು. ಅಗ್ಗದ ಬೆಲೆಗೆ ಲೆಕ್ಕ ಹೊಂದಲಿಲ್ಲ, ಎಷ್ಟೋ ಕೇಂದ್ರಗಳಲ್ಲಿ ಬೇರೆ ತಿಂಡಿಗಳು ಬಂದವು, ಕೆಲವೇ ವರ್ಷಗಳಲ್ಲಿ ಯೋಜನೆ ಮುಗಿಯಿತು. ಯಾವ ಯೋಜನೆಯೂ ಇಲ್ಲದೆ, ಸಾಲಕ್ಕೆ ಬಡಿಸುತ್ತ ದಶಕಗಟ್ಟಲೆ ನಡೆದದ್ದು ಹೆಂಗಸರ ಖಾನಾವಳಿ.

ಉಡುಪಿ ಹೋಟೆಲಿನಲ್ಲೂ ಈಗ ಕಾಲ ಬದಲಾಗಿದೆ. ಮಾಲೀಕರ ಮಕ್ಕಳು ಇಂಜಿನಿಯರುಗಳು, ಡಾಕ್ಟರುಗಳು. ಕುಂದಾಪುರ, ಕಾರ್ಕಳದಿಂದ ಲೋಟ ತೊಳೆಯಲು ಹುಡುಗರು ಬರುವುದಿಲ್ಲ. ದೋಸೆ ಹೊಯ್ಯುವವನು ಉತ್ತರ ಪ್ರದೇಶದವನು, ಮೇಜು ಒರೆಸುವವನು ಒಡಿಶಾದವನೋ ನೇಪಾಳದವನೋ ಆಗಿರುತ್ತಾನೆ. ಹಿಂದೆ ನಮ್ಮವರು ಹತ್ತಿದ ಏಣಿಯ ಕೆಳಗಿನ ಮೆಟ್ಟಿಲಿನಲ್ಲಿ ಈಗ ಅವರಿದ್ದಾರೆ.

ಈಗ ನಮ್ಮ ಊರಿನ ಸರದಿ

ಈ ಕತೆ ಕನ್ನಡಿಗರಿಗೆ ದೂರದ್ದಲ್ಲ. ಪೀಣ್ಯ, ಬೊಮ್ಮಸಂದ್ರ, ಬಿಡದಿಯ ಕಾರ್ಖಾನೆಗಳ ಸುತ್ತ ಇಂದು ಬಿಹಾರ, ಒಡಿಶಾ, ಜಾರ್ಖಂಡ್, ಅಸ್ಸಾಮಿನ ಹುಡುಗ ಹುಡುಗಿಯರು ಒಂದೇ ಕೋಣೆಯಲ್ಲಿ ಆರೇಳು ಜನ ಇದ್ದಾರೆ. ಪಾಳಿ ಮುಗಿದ ಹೊತ್ತಿಗೆ ಗೇಟಿನ ಆಚೆ ಲಿಟ್ಟಿ-ಚೋಖಾ ಸುಡುವ ಗಾಡಿ, ಮೋಮೋ ಬೇಯಿಸುವ ಡಬ್ಬ, ಸಾಸಿವೆ ಎಣ್ಣೆಯ ಮೀನು ಬಡಿಸುವ ತಗಡಿನ ಮೆಸ್ಸು ಕಾಣಿಸುತ್ತವೆ. ಗಿರಣ್‌ಗಾಂವ್‌ನಲ್ಲಿ ನೂರು ವರ್ಷದ ಹಿಂದೆ ನಡೆದದ್ದು ಇಲ್ಲಿ ಈಗ ಶುರುವಾಗಿದೆ.

ಮುಂಬೈ ಕಲಿಸುವ ಪಾಠ ಎರಡು. ಒಂದು, ದುಡಿಯುವವರ ಊಟದ ವ್ಯವಸ್ಥೆಯನ್ನು ಕಾರ್ಖಾನೆಯಾಗಲಿ ಸರಕಾರವಾಗಲಿ ತಾನಾಗಿ ಮಾಡಿಕೊಡಲಿಲ್ಲ. ಬಡ ಹೆಂಗಸರು, ಹೊರಗಿನಿಂದ ಬಂದ ಹುಡುಗರು ಮಾಡಿದರು. ಅವರಿಗೆ ಬೇಕಾದದ್ದು ಸಣ್ಣ ಸಾಲ, ನಿಲ್ಲಲು ಜಾಗ, ಕುಡಿಯುವ ನೀರು, ಪೊಲೀಸರ ಕಾಟವಿಲ್ಲದ ಬೀದಿ. ಇದಿಷ್ಟನ್ನು ಪಾಲಿಕೆಗಳು ಕೊಟ್ಟರೆ ಸಾಕು. ಎರಡು, ಇಂದು ಪರಕೀಯವೆನಿಸುವ ತಿಂಡಿ ಐವತ್ತು ವರ್ಷದಲ್ಲಿ ಊರಿನ ಗುರುತಾಗಬಹುದು. ಮಾಟುಂಗಾದ ಇಡ್ಲಿಗೆ ಆದದ್ದು ಅದೇ.

ಉಡುಪಿ ಹೋಟೆಲಿನ ಗಾಜು ಒಡೆದಾಗ ನೋವಾದದ್ದು ನಮಗೆ. ಹಾಗಾಗಿ ಹೊರಗಿನಿಂದ ಬಂದವನ ಗಾಡಿಯನ್ನು ಎತ್ತಿಸಬೇಕೆಂದು ಯಾರಾದರೂ ಕೂಗಿದಾಗ ಮೊದಲು ಬೇಡವೆನ್ನಬೇಕಾದವರು ಕನ್ನಡಿಗರೇ.